ಕಾಲು ನೋಡುವ ಜಮಾದಾರರು

ಹೋದ ತಿಂಗಳು ಒಂದು ಮದುವೆಗೆಂದು ಬನಹಟ್ಟಿಗೆ ಹೋದವನು, ಊಟವಾದ ಮೇಲೆ ಹೊತ್ತು ಹೋಗದೆ, ಒಂದು ಕಾಲದಲ್ಲಿ ನಾನು ಬಾಡಿಗೆಗಿದ್ದ ಓಣಿಯ ಕಡೆ ನಡೆದೆ. ಓಣಿಯ ಉದ್ದಕ್ಕೂ ಫರಸಿಕಲ್ಲು ಹಾಸಿದ್ದಾರೆ. ಇನ್ನು ಮಳೆಗಾಲದಲ್ಲಿ ಕೆಸರಿಲ್ಲ, ಬೇಸಿಗೆಯಲ್ಲಿ ಧೂಳಿಲ್ಲ ಎಂದು ಅಲ್ಲಿಯವರು ಹಿಗ್ಗಿನಿಂದ ಹೇಳಿದರು. ನಾನೂ ಒಳ್ಳೆಯದಾಯಿತು ಎಂದೆ. ಆದರೆ ಈ ತುದಿಯಿಂದ ಆ ತುದಿಯವರೆಗೆ ನಡೆದು ಹಿಂತಿರುಗಿ ನೋಡಿದರೆ ನನ್ನದೊಂದು ಹೆಜ್ಜೆಯೂ ಮೂಡಿರಲಿಲ್ಲ. ಜಮಾದಾರರು ಇದ್ದಿದ್ದರೆ ಈ ಓಣಿಯಲ್ಲಿ ಕಣ್ಣಿದ್ದೂ ಕುರುಡರಾಗುತ್ತಿದ್ದರಲ್ಲ ಎನಿಸಿ ಅಲ್ಲೇ ಒಂದು ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಅವರ ಹೆಸರು ಬರೆಯುವುದಿಲ್ಲ. ಮುಧೋಳದಲ್ಲಿ ಅವರ ಮಗಳ ಮನೆತನವಿದೆ, ಮೊಮ್ಮಕ್ಕಳಿದ್ದಾರೆ. ಇಲ್ಲಿ ಹೇಳಲಿರುವುದೆಲ್ಲ ಅವರಿಗೆ ಹಿತವಾಗುವಂಥದ್ದಲ್ಲ. ಓಣಿಯವರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ. ಎದುರಿಗೆ ಜಮಾದಾರ್ರು, ಬೆನ್ನ ಹಿಂದೆ ಹೆಜ್ಜಿ ಜಮಾದಾರ.

ಆಗ ನಾವು ಮುಂಬೈ ರಾಜ್ಯದವರು. ಸಂಸ್ಥಾನಗಳೆಲ್ಲ ಮುಂಬೈ ಸರ್ಕಾರಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ನಾನು ಜಮಖಂಡಿಯವನು, ಬನಹಟ್ಟಿಯ ಸಾಲಿಗೆ ಮಾಸ್ತರನಾಗಿ ಬಂದಿದ್ದೆ. ಇಪ್ಪತ್ತಾರು ವರ್ಷ, ಮದುವೆಯಿಲ್ಲ, ಸಿಟ್ಟು ಮೂಗಿನ ತುದಿಯಲ್ಲಿ. ನೇಕಾರರ ಓಣಿಯಲ್ಲಿ ಒಂದು ಮನೆಯ ಪಡಸಾಲೆಯನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಒಂದರಲ್ಲಿ ನಾನು. ಇನ್ನೊಂದಕ್ಕೆ ಆ ವರ್ಷವೇ ಜಮಾದಾರರು ಬಂದರು. ಮುಧೋಳ ಸಂಸ್ಥಾನದ ಪೊಲೀಸಿನಲ್ಲಿ ಜಮಾದಾರರಾಗಿ ಇದ್ದವರು, ಆಮೇಲೆ ಮುಂಬೈ ಸರ್ಕಾರದ ಪೊಲೀಸಾಗಿ, ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡು ಬಹಳ ದಿನವಾಗಿತ್ತು. ಒಂದು ಟ್ರಂಕು, ಎರಡು ಕಂಬಳಿ, ಒಂದು ಹಳೆಯ ಬಿದಿರಿನ ಬುಟ್ಟಿ ಅವರ ಸಂಸಾರ. ಮಗಳಿರುವ ಮುಧೋಳ ಬಿಟ್ಟು, ಗುರುತು ಪರಿಚಯವಿಲ್ಲದ ಬನಹಟ್ಟಿಗೆ ಈ ಮನುಷ್ಯ ಯಾಕೆ ಬಂದರೆಂದು ಯಾರಿಗೂ ತಿಳಿಯಲಿಲ್ಲ.

ಎತ್ತರದ ಆಳು. ಆದರೆ ಆ ಎತ್ತರ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಸದಾ ಬಗ್ಗಿಯೇ ಇರುತ್ತಿದ್ದರು. ಮಾತಾಡುವಾಗಲೂ ಎದುರಿನವರ ಮುಖ ನೋಡುವ ರೂಢಿ ಇಲ್ಲ, ಕಣ್ಣೆಲ್ಲ ಅವರ ಕಾಲ ಮೇಲೆ. ಹೆಂಗಸರು ಮೊದಮೊದಲು ಇದೆಂಥ ಗಂಡಸೆಂದು ಸೀರೆಯ ಅಂಚನ್ನು ಕೆಳಗೆ ಎಳೆದುಕೊಂಡರು. ನೂಲಿಗೆ ಕಂಟ್ರೋಲ್ ಇದ್ದ ಕಾಲ. ನೇಕಾರರು ಇವರನ್ನು ಸರ್ಕಾರದ ಗುಪ್ತ ಮನುಷ್ಯನೆಂದು ತಿಳಿದು, ಇವರ ತಲೆ ಕಂಡೊಡನೆ ನೂಲಿನ ಗಂಟುಗಳನ್ನು ಒಳಕೋಣೆಗೆ ಸರಿಸುತ್ತಿದ್ದರು. ಇವರೋ ಮನೆಮನೆಗೆ ಹೋಗಿ, ಮಗ್ಗದ ಕುಣಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕುಣಿಯೊಳಗೆ ಹಲಗೆ ತುಳಿಯುತ್ತಿರುವ ಕಾಲುಗಳನ್ನು ನೋಡುತ್ತ ಮಳೆ ಬೆಳೆ ಮಾತಾಡಿ ಎದ್ದು ಬರುತ್ತಿದ್ದರು. ಬನಹಟ್ಟಿ ಮುಗಿದರೆ ರಬಕವಿ. ಸಂತೆಯ ದಿನ ಸಂತೆಯ ಬಾಯಲ್ಲಿ ಬೆಳಗಿನಿಂದ ಸಂಜೆಯ ತನಕ. ಮನೆಗೆ ಬಂದು ತಮ್ಮ ಕೈಯಾರೆ ಎರಡು ರೊಟ್ಟಿ ಬಡಿದುಕೊಂಡು, ಕಾರದಪುಡಿ ಹಚ್ಚಿಕೊಂಡು ತಿಂದು ಮಲಗುತ್ತಿದ್ದರು.

ಅವರದೊಂದು ಪದ್ಧತಿ ನನ್ನನ್ನು ಮೊದಲು ನಗಿಸಿತು, ಆಮೇಲೆ ಹೆದರಿಸಿತು. ಸಂಜೆ ತಮ್ಮ ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ, ಅದರ ಮೇಲೆ ಹೊಳೆಯ ನುಣ್ಣನೆಯ ಉಸುಕನ್ನು ಬಟ್ಟೆಯಿಂದ ಸೋಸಿದಂತೆ ತೆಳ್ಳಗೆ ಹರಡುವರು. ಬೆಳಗ್ಗೆ ಎದ್ದು ಬಾಗಿಲು ತೆಗೆದೊಡನೆ ಅದನ್ನು ಓದುವರು. ನಾನು ಹಲ್ಲುಜ್ಜುತ್ತ ಹೊರಗೆ ಬಂದರೆ ವರದಿ ಸಿದ್ಧ.

"ಮಾಸ್ತರ, ಇವತ್ತ ಬೆಕ್ಕ ಬಂದಿತ್ತು. ಹಿಂದಿನ ಬಲಗಾಲಿಗೆ ಮುಳ್ಳ ಚುಚ್ಚೇತಿ ಪಾಪ."

"ಮತ್ತ ಯಾರು?" ಎಂದು ಚೇಷ್ಟೆಗೆ ಕೇಳುತ್ತಿದ್ದೆ.

"ಮತ್ತ ಯಾರೂ ಇಲ್ಲ."

ದಿನವೂ ಇದೇ. ಯಾರೂ ಬರುತ್ತಿರಲಿಲ್ಲ. ಬರುವವರಿಲ್ಲವೆಂದು ಗೊತ್ತಿದ್ದೂ ಆ ಮನುಷ್ಯ ಸಂಜೆಯಾದೊಡನೆ ಉಸುಕು ಹರಡುವುದನ್ನು ನೋಡುವಾಗ ನನಗೆ ಒಂದು ಬಗೆಯ ಸಂಕಟವಾಗುತ್ತಿತ್ತು. ಒಂದು ದಿನ ತಡೆಯಲಾರದೆ, ಬೆಳಗಾಗುವ ಮುಂಚೆ ಎದ್ದು ಅವರ ಬಾಗಿಲ ತನಕ ನಾಲ್ಕು ಹೆಜ್ಜೆ ನಡೆದು ಬಂದೆ. ಅಂದು ಅವರು ಉಸುಕನ್ನು ಬಹಳ ಹೊತ್ತು ನೋಡಿದರು. "ಮಾಸ್ತರ, ನೀವು ನಿನ್ನಿ ಸಾಲ್ಯಾಗ ಯಾರನ್ನೋ ಬೈದು ಬಂದೀರಿ. ಹಿಮ್ಮಡ ಒತ್ತಿ ನಡದೀರಿ ನೋಡ್ರಿ," ಎಂದರು. ಬೈದದ್ದು ನಿಜ. ಅವರಿಗೆ ಖುಷಿಯಾಗಿತ್ತು, ಒಳಗೆ ಹೋಗಿ ನನಗೂ ಚಹಾ ಮಾಡಿ ತಂದರು.

ಅಂದಿನಿಂದ ಅವರು ಮಾತಾಡತೊಡಗಿದರು. ಮಾತೆಂದರೆ ಒಂದೇ ಮಾತು, ಒಬ್ಬನೇ ಮನುಷ್ಯನದು. ಅವನನ್ನು ನಮ್ಮ ಕಡೆಯ ಜನ ಹೆದರಿಕೆಯಿಂದಲೋ ಅಕ್ಕರೆಯಿಂದಲೋ ಅಡವಿ ಧಣಿ ಎನ್ನುತ್ತಿದ್ದರು. ಹೊಲದ ಬದುವಿನ ಜಗಳದಲ್ಲಿ ಒಬ್ಬನನ್ನು ಕಡಿದು ಬೀಳಗಿಯ ಗುಡ್ಡ ಸೇರಿದವನು. ಐದಾರು ಜನರನ್ನು ಕೂಡಿಸಿಕೊಂಡು ದಾರಿಕಾರರನ್ನು, ಮದುವೆ ದಿಬ್ಬಣಗಳನ್ನು ಸುಲಿಯುತ್ತಿದ್ದ. ನಾನು ಜಮಖಂಡಿಯಲ್ಲಿ ಓದುವಾಗ ಅವನ ಹೆಸರು ಕೇಳಿದರೆ ಮನೆಯವರು ಅಗಳಿ ಹಾಕುತ್ತಿದ್ದರು. ಅವನನ್ನು ಒಂಬತ್ತು ವರ್ಷ ಬೆನ್ನಟ್ಟಿದವರು ಈ ಜಮಾದಾರರು. ಒಂಬತ್ತು ವರ್ಷದಲ್ಲಿ ಅವನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ.

"ಮಾರಿ ತಗೊಂಡು ಏನ್ಮಾಡೂದೈತ್ರಿ? ಮಾರಿಗೆ ಮೀಸಿ ಬಿಡಬಹುದು, ಬೋಳಸಬಹುದು. ಕಾಲಿಗೆ ಏನೂ ಮಾಡಾಕ ಬರೂದಿಲ್ಲ. ಅವನ ಬೆರಳು ಐದೂ ಒಂದಕ್ಕೊಂದು ಅಂಟಿಕೊಂಡು ಕುಂತಿರ್ತಿದ್ದೂ, ಥಂಡಿ ಹತ್ತಿದ ಮಕ್ಕಳಂಗ. ಸಾವಿರ ಮಂದಿ ನಡದಿರ್ಲಿ, ನಾ ಅವನ ಹೆಜ್ಜಿ ತಗಿತಿದ್ದೆ."

ಬುಟ್ಟಿಯ ಕಥೆಯನ್ನೂ ಆಗಲೇ ಹೇಳಿದ್ದು. ಹೆಜ್ಜೆ ಹಿಡಿಯುವವರ ಕೈಯಲ್ಲಿ ಯಾವಾಗಲೂ ಒಂದು ಬುಟ್ಟಿ ಇರುತ್ತಿತ್ತಂತೆ. ಸ್ಪಷ್ಟವಾದ ಹೆಜ್ಜೆ ಸಿಕ್ಕಿತೆಂದರೆ ಗಾಳಿ, ದನ, ಮಳೆಹನಿ ಅಳಿಸದಂತೆ ಅದರ ಮೇಲೆ ಬುಟ್ಟಿ ಬೋರಲು ಹಾಕಿ ಕಲ್ಲು ಹೇರುವುದು. ಸಂಸ್ಥಾನದ ಕಾಲದಲ್ಲಿ ದೊಡ್ಡ ತೊಡಕೆಂದರೆ ಸರಹದ್ದು. ಮುಧೋಳದ ಪೊಲೀಸರು ಅಪ್ಪಣೆಯಿಲ್ಲದೆ ಜಮಖಂಡಿಯ ಹದ್ದಿನೊಳಗೆ ಕಾಲಿಡುವಂತಿಲ್ಲ. ಬನಹಟ್ಟಿ ಜಮಖಂಡಿಯದು, ಕೂಗಳತೆಯ ರಬಕವಿ ಸಾಂಗಲಿಯದು, ಬೀಳಗಿ ಬ್ರಿಟಿಷರದು. ಅಡವಿ ಧಣಿಗೆ ಮಾತ್ರ ಎಲ್ಲ ಒಂದೇ ಊರು. ಒಮ್ಮೆ ಎರಡು ದಿನ ಅವನ ಹೆಜ್ಜೆ ಹಿಡಿದು ನಡೆದ ಜಮಾದಾರರು ಹದ್ದಿನ ಕಲ್ಲಿನ ಹತ್ತಿರ ನಿಲ್ಲಬೇಕಾಯಿತು. ಹೆಜ್ಜೆ ಕಲ್ಲಿನ ಆಚೆ ಹಾಯಾಗಿ ಮುಂದುವರಿದಿತ್ತು. ಕೈ ಚಾಚಿ ಆಚೆಯ ಮೊದಲ ಹೆಜ್ಜೆಯ ಮೇಲೆ ಬುಟ್ಟಿ ಹಾಕಿ, ಅಪ್ಪಣೆ ತರಲು ಹಿಂದಿರುಗಿದರು. ಕಾಗದ ಬರುವುದಕ್ಕೆ ನಾಲ್ಕು ದಿನ. ಬಂದು ಬುಟ್ಟಿ ಎತ್ತಿದರೆ ಹೆಜ್ಜೆ ಹಾಗೆಯೇ ಇತ್ತು. ಬುಟ್ಟಿಯ ಪಕ್ಕದಲ್ಲಿ ಅದೇ ಕಾಲಿನ ಇನ್ನೊಂದು ಹೆಜ್ಜೆ, ಅಂದೇ ಬೆಳಗ್ಗೆ ಒತ್ತಿ ಹೋದದ್ದು.

"ನನ್ನ ನೋಡಾಕ ಬಂದಿದ್ದ ಮಾಸ್ತರ, ನಾ ಇರಲಿಲ್ಲ," ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಆ ಒಂದು ಸಲ.

"ಕಡೀಕ ಏನಾದ?" ಎಂದೆ.

"ಗಲಗಲಿ ಹೊಳಿದಂಡ್ಯಾಗ ಗುಂಡ ಹಾಕಿದ್ರು," ಎಂದವರೇ ಎದ್ದು ಒಳಗೆ ಹೋದರು. ಆಮೇಲೆ ನಾನು ಎಷ್ಟು ಕೆದಕಿದರೂ ಗಲಗಲಿಯ ಮಾತು ತೆಗೆಯಲಿಲ್ಲ.

ನಮ್ಮಿಂದ ಮೂರನೆಯ ಮನೆಯಲ್ಲಿ ಒಬ್ಬ ಹೆಣ್ಣುಮಗಳು ಒಬ್ಬಳೇ ಇದ್ದಳು. ಮೂವತ್ತರ ಒಳಗಿನ ವಯಸ್ಸು. ಗಂಡ ದುಡಿಯಲು ಸೊಲ್ಲಾಪುರದ ಗಿರಣಿಗೆ ಹೋದವನು ತಿರುಗಿ ಬಂದಿರಲಿಲ್ಲ. ಅಲ್ಲಿ ಬೇರೆ ಹೆಂಗಸನ್ನು ಇಟ್ಟುಕೊಂಡಿದ್ದಾನೆ ಎನ್ನುವವರು ಓಣಿಯಲ್ಲಿ ಬೇಕಾದಷ್ಟು ಜನ. ಅವಳ ಕಿವಿಗೆ ಬೀಳುವಂತೆಯೇ ಅನ್ನುತ್ತಿದ್ದರು. ಅವಳು ಬೆಳಗಿನಿಂದ ಸಂಜೆಯವರೆಗೆ ರಾಟಿಯ ಮುಂದೆ ಕುಳಿತು ನೇಕಾರರಿಗೆ ಕಂಡಿಕೆಗೆ ನೂಲು ಸುತ್ತಿಕೊಡುವಳು. ಒಂದು ಎಮ್ಮೆ ಕಟ್ಟಿದ್ದಳು. ಹಣೆಯ ಕುಂಕುಮ, ಕೈತುಂಬ ಹಸಿರು ಬಳೆ ಒಂದು ದಿನ ತಪ್ಪಿದ್ದಿಲ್ಲ. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಗಂಡನ ಹಳೆಯ ಚಪ್ಪಲಿಗಳ ಜೋಡಿ, ತುದಿ ಒಳಮುಖವಾಗಿ. ಒಂಟಿ ಹೆಂಗಸಿನ ಮನೆಯ ಮುಂದೆ ಗಂಡಸಿನ ಚಪ್ಪಲಿ ಇದ್ದರೆ ಒಂದು ಧೈರ್ಯವೆಂದು ಇಟ್ಟಿದ್ದಾಳೆ ಅಂದುಕೊಂಡಿದ್ದೆ.

ಜಮಾದಾರರಿಗೆ ದಿನವೂ ಒಂದು ಚರಿಗೆ ಮಜ್ಜಿಗೆ ಅವಳ ಮನೆಯಿಂದಲೇ. ಕೇಳಿದ್ದಲ್ಲ, ಮುದುಕರು ಒಣರೊಟ್ಟಿ ತಿನ್ನುವುದನ್ನು ನೋಡಿ ಅವಳೇ ಕೊಡತೊಡಗಿದಳು. ಇವರು ಚರಿಗೆ ಹಿಡಿದು ಹೋಗುವರು, ನೆಲ ನೋಡುತ್ತ ನಿಲ್ಲುವರು, "ಸಾಕು ತಂಗಿ" ಎನ್ನುವರು, ಬರುವರು. ಹೀಗೆ ಒಂದೂವರೆ ವರ್ಷ.

ಒಂದು ದಿನ ಮಜ್ಜಿಗೆಗೆ ಹೋದವರು ಖಾಲಿ ಚರಿಗೆ ಹಿಡಿದು ಬಂದರು. ಮಳೆಗಾಲ ಮುಗಿದು ಬಿಸಿಲು ಬಿದ್ದಿದ್ದ ದಿನ, ರಜೆ ಇದ್ದುದರಿಂದ ನಾನು ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕುಳಿತಿದ್ದೆ. ನನ್ನ ಪಕ್ಕದಲ್ಲಿ ಕುಳಿತರು.

"ಮಾಸ್ತರ, ಖರೇ ಹೇಳಬೇಕಂತ ಸಾಲ್ಯಾಗ ಕಲಸ್ತೀರೇನ್ರಿ?"

"ಕಲಸ್ತೀವಲ್ಲ."

"ಯಾವಾಗ ಹೇಳಬೇಕಂತ ಕಲಸ್ತೀರೇನು?"

ನಾನು ಮಾಸ್ತರನ ಗತ್ತಿನಲ್ಲಿ, ಸತ್ಯಕ್ಕೆ ಹೊತ್ತು ಗೊತ್ತು ಇರುವುದಿಲ್ಲ, ಯಾವಾಗಲೂ ಹೇಳಬೇಕು ಎಂದು ಒಂದು ಪಾಠ ಒಪ್ಪಿಸಿದೆ. ಅವರು ನನ್ನ ಕಾಲನ್ನೇ ನೋಡುತ್ತಿದ್ದರು. "ನಿಮ್ಮ ಕಾಲಾಗ ಇನ್ನೂ ಮುಳ್ಳ ನಟ್ಟಿಲ್ಲ," ಎಂದು ಎದ್ದರು. ನನಗೆ ಸಿಟ್ಟು ಬಂತು. ಎರಡು ದಿನ ಮಾತಾಡಿಸಲಿಲ್ಲ. ಆ ಎರಡು ದಿನ ಮಾತಾಡಿಸಿದ್ದರೆ ಏನಾದರೂ ಬೇರೆಯಾಗುತ್ತಿತ್ತೇ ಎಂದು ಈಗ ಎಣಿಸುತ್ತೇನೆ. ಆಗುತ್ತಿರಲಿಲ್ಲವೆಂದೇ ಕಾಣುತ್ತದೆ.

ಅಂದಿನಿಂದ ಜಮಾದಾರರು ಊರೂರು ಅಲೆಯುವುದು ನಿಂತಿತು. ಮಗ್ಗದ ಮನೆಗಳಿಗೆ ಹೋಗಲಿಲ್ಲ, ಸಂತೆಗೆ ಹೋಗಲಿಲ್ಲ. ಬಾಗಿಲಿಗೆ ಉಸುಕು ಹರಡುವುದನ್ನೂ ಬಿಟ್ಟರು. ಮೂರನೆಯ ದಿನದಿಂದ ಮತ್ತೆ ಮಜ್ಜಿಗೆಗೆ ಹೋದರು. ಹೋದವರು ಅವಳ ಕಟ್ಟೆಯ ತುದಿಯಲ್ಲಿ, ಚಪ್ಪಲಿಗಳಿಂದ ಒಂದು ಮಾರು ದೂರದಲ್ಲಿ ಕುಳಿತು ರಾಟಿಯ ಸದ್ದು ಕೇಳುವರು. ಅವಳ ಎಮ್ಮೆಗೆ ಮೇವು ತಂದು ಹಾಕುವರು, ಸೋರುವ ಮಾಳಿಗೆಗೆ ಮಣ್ಣು ಹೊತ್ತು ಹಾಕುವರು. ಓಣಿಯ ಬಾಯಿ ಸುಮ್ಮನಿರುತ್ತದೆಯೇ? ಮುದುಕನಿಗೆ ಈ ವಯಸ್ಸಿನಲ್ಲಿ ಇದೇನು ಎಂದು ನಕ್ಕರು. ನಾನೂ ಒಳಗೊಳಗೇ ಅದನ್ನೇ ಅಂದುಕೊಂಡೆ, ಸುಳ್ಳೇಕೆ ಹೇಳಲಿ. ಮೂರು ವರ್ಷ ಹೀಗೇ ನಡೆಯಿತು.

ನಾವೆಲ್ಲ ಇನ್ನು ಮೈಸೂರಿಗೆ ಸೇರುತ್ತೇವಂತೆ ಎಂಬ ಸುದ್ದಿ ಹಬ್ಬಿದ್ದ ದಿನಗಳಲ್ಲಿ ಜಮಾದಾರರು ಹಾಸಿಗೆ ಹಿಡಿದರು. ಎದೆಯಲ್ಲಿ ನೀರು ತುಂಬಿದೆ ಎಂದರು ಡಾಕ್ಟರು. ಮಗಳಿಗೆ ಕಾಗದ ಬರೆದೆ. ಅವಳು ಬರುವ ಹಿಂದಿನ ದಿನ ಮಧ್ಯಾಹ್ನ ನನ್ನನ್ನು ಒಳಗೆ ಕರೆದು, ಟ್ರಂಕಿನಿಂದ ಕಂಬಳಿಯ ತುಂಡಿನಲ್ಲಿ ಸುತ್ತಿದ ಏನನ್ನೋ ತೆಗೆಸಿದರು. ಬಿಚ್ಚಿದರೆ ಸುಟ್ಟ ಮಣ್ಣಿನ ಒಂದು ಹಲಗೆ. ಅದರಲ್ಲಿ ಆಳವಾಗಿ ಒತ್ತಿದ ಬಲಗಾಲಿನ ಗುರುತು.

"ಇದು ಅಡವಿ ಧಣೀದಲ್ಲ ಮಾಸ್ತರ. ನೋಡ್ರಿ, ಬೆರಳು ಕೂಡಿಲ್ಲ," ಎಂದರು.

ನಿಜ. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ನನ್ನ ಬೆರಳು ಹಾಯುವಷ್ಟು ಸಂದು. ಎರಡನೆಯ ಬೆರಳು ಹೆಬ್ಬೆರಳಿಗಿಂತ ಬಹಳ ಮುಂದೆ ಚಾಚಿತ್ತು. ಕಿರುಬೆರಳು ನೆಲ ಮುಟ್ಟಿರಲೇ ಇಲ್ಲ.

ಆಮೇಲೆ ಒಂದೊಂದೇ ಮಾತಾಗಿ, ನಡುನಡುವೆ ಉಸಿರು ಹಿಡಿದು ಹೇಳಿದರು. ಸಂಸ್ಥಾನಗಳು ಹೋದ ಮೇಲಿನ ಬೇಸಿಗೆ. ಹೊಸ ಫೌಜದಾರರು ಬಂದಿದ್ದರು. ಅಡವಿ ಧಣಿ ಗಲಗಲಿಯ ಹತ್ತಿರ ಹೊಳೆ ದಾಟುತ್ತಾನೆಂಬ ಸುದ್ದಿಯ ಮೇಲೆ ನಸುಕಿನಿಂದಲೇ ದಂಡೆಯ ಪೊದೆಗಳಲ್ಲಿ ಅವರ ಜನ ಕಾದು ಕುಳಿತಿದ್ದರು. ಬೆಳಗಾಗುವಾಗ ಒಬ್ಬ ಮನುಷ್ಯ ಹೊಳೆ ದಾಟಿ ಬಂದ. ನಿಲ್ಲು ಎಂದರು. ಪೊದೆಯಿಂದ ಎದ್ದವರನ್ನು ದರೋಡೆಕೋರರೆಂದು ತಿಳಿದೋ ಏನೋ ಅವನು ಓಡಿದ. ಓಡುತ್ತ ಹೊರಳಿ ನೋಡಿದವನ ಮುಖಕ್ಕೇ ಗುಂಡು ಬಿದ್ದಿತ್ತು. ಗುರುತು ಹಿಡಿಯಲು ಏನೂ ಉಳಿದಿರಲಿಲ್ಲ. ಕಂಕುಳಲ್ಲಿ ಹೊಸ ಸೊಲ್ಲಾಪುರ ಚಾದರ ಇತ್ತು. ಕದ್ದ ಮಾಲು ಎಂದು ಬರೆದುಕೊಂಡರು. ಅಷ್ಟು ಹೊತ್ತಿಗೆ ಜಮಾದಾರರನ್ನು ಕರೆಸಿದರು.

"ಕಾಲ ನೋಡಿದ ಕೂಡಲೇ ತಿಳೀತು, ಅವನಲ್ಲ. ಈ ಬೆರಳಿನ ಸಂದು ಮಗ್ಗದ ಹಗ್ಗಾ ಹಿಡಿದು ಹಿಡಿದು ಆಗಿದ್ದು. ಯಾವನೋ ನೇಕಾರ. ಫೌಜದಾರ ಸಾಹೇಬ್ರು ಕೇಳಿದ್ರು, ಇವನ ಹೌದಲ್ಲೋ? ಒಂಬತ್ತು ವರ್ಷ ಹಿಡೀಲಿಲ್ಲ ನೀ, ಅವನ ಅನ್ನಾ ತಿಂದಿಯೇನು ಅಂತ ಕಚೇರಿ ತುಂಬ ಮಾತಾಗಿತ್ತು. ಅಲ್ಲ ಅಂದ್ರ ಆ ಮಾತ ಖರೇ ಆಗತಿತ್ತು. ನನಗೂ ಸಾಕಾಗಿತ್ತು ಮಾಸ್ತರ. ಹೆಜ್ಜಿ ಯಾವ ಊರಾಗ ಮುಗೀತೋ ಆ ಊರಿನವರನ್ನ ನಮ್ಮ ಪೊಲೀಸ್ರು ಹೊಡೀತಿದ್ರು. ಇದು ಮುಗದ್ರ ಎಲ್ಲಾ ಮುಗೀತೈತಿ ಅನಿಸ್ತು."

ಅಷ್ಟರಲ್ಲಿ ಅಡವಿ ಧಣಿಯ ಹೆಂಡತಿಯನ್ನು ಕರೆತಂದಿದ್ದರು. ಅವಳೂ ಮೊದಲು ನೋಡಿದ್ದು ಕಾಲನ್ನೇ. ಆಮೇಲೆ ತಲೆ ಎತ್ತಿ ಜಮಾದಾರರನ್ನು ನೋಡಿದಳು. ಇಬ್ಬರಿಗೂ ಗೊತ್ತು, ಇಬ್ಬರಿಗೂ ಗೊತ್ತಿದೆಯೆಂದು ಇಬ್ಬರಿಗೂ ಗೊತ್ತು. ಅವಳು ಹೆಣದ ಮೇಲೆ ಬಿದ್ದು ಬೋರಾಡಿ ಅತ್ತಳು. ಎರಡೂ ಕೈಗಳನ್ನು ಕಲ್ಲಿಗೆ ಬಡಿದು ಬಳೆ ಒಡೆದುಕೊಂಡಳು.

"ನಾನೂ ಹೌದ್ರಿ ಸಾಹೇಬ್ರ, ಇವನ, ಅಂದೆ."

ಅಡವಿ ಧಣಿ ಆ ಮೇಲೆ ಎಲ್ಲಿಯೂ ಕಾಣಿಸಲಿಲ್ಲ. ಸತ್ತವನೆಂದು ಸರ್ಕಾರವೇ ಬರೆದ ಮೇಲೆ ಎಲ್ಲೋ ದೂರ ಹೋಗಿ ಬದುಕಿಕೊಂಡಿರಬೇಕು. ಜಮಾದಾರರಿಗೆ ಅವನ ಚಿಂತೆ ಇರಲಿಲ್ಲ. ಅಂದು ಹೆಣ ಕಾಯಲು ಅವರನ್ನೇ ನಿಲ್ಲಿಸಿ ಉಳಿದವರು ಊಟಕ್ಕೆ ಹೋದರು. ಹೊಳೆದಂಡೆಯಲ್ಲಿ ಒಬ್ಬ ಕುಂಬಾರ ಮಣ್ಣು ತುಂಬುತ್ತಿದ್ದ. ಅವನಿಂದ ಹದ ಮಾಡಿದ ಮಣ್ಣು ತರಿಸಿ, ಆ ಮನುಷ್ಯನ ಬಲಗಾಲನ್ನು ಒತ್ತಿಸಿ ತೆಗೆದರು. ಕುಂಬಾರ ಅದನ್ನು ಗಡಿಗೆಗಳ ಜೊತೆ ಆವಿಗೆಯಲ್ಲಿ ಸುಟ್ಟು ಕೊಟ್ಟ. ಯಾಕೆ ಎಂದು ಕೇಳಲಿಲ್ಲವಂತೆ. ಯಾರ ಹೆಸರಲ್ಲೋ ಮಣ್ಣಾದವನ ಮನೆ ಯಾವುದೆಂದು ಹುಡುಕಲೇಬೇಕು ಎಂದು, ನೌಕರಿ ಮುಗಿದೊಡನೆ ಆ ಹಲಗೆ ಹಿಡಿದು ನೇಕಾರರ ಊರಿಗೆ ಬಂದರು. ಅಪ್ಪನ ಕಾಲು ಮಗನಿಗೆ, ಅಣ್ಣನ ಕಾಲು ತಮ್ಮನಿಗೆ ಬರುತ್ತದೆ. ಅವನ ರಕ್ತದವರು ಯಾರಾದರೂ ಸಿಕ್ಕಾರು ಎಂದು ಒಂದೂವರೆ ವರ್ಷ ಸಾವಿರಾರು ಕಾಲು ನೋಡಿದರು.

"ಬದುಕಿದವರ ಕಾಲಷ್ಟ ನೋಡಿದೆ. ಆಕಿ ಗಂಡ ಸೊಲ್ಲಾಪುರದಾಗ ಬ್ಯಾರೆ ಸಂಸಾರ ಹೂಡ್ಯಾನ ಅನ್ನೋ ಓಣಿ ಮಾತ ನಾನೂ ನಂಬಿದ್ದೆ. ದಿನಾ ಮಜ್ಜಿಗಿ ತರೋ ಮನೀ ಕಟ್ಟೀಮ್ಯಾಗ ಜೋಡ ಚಪ್ಪಲಿ ಇದ್ವು. ನೆಲಾ ಓದಾವ್ಗ ಚಪ್ಪಲಿ ಓದಬೇಕಂತ ಹೊಳೀಲಿಲ್ಲ. ಅವತ್ತ ಆಕಿ ಎಣ್ಣಿ ಹಚ್ಚಿ ಬಿಸಲಿಗೆ ಇಟ್ಟಿದ್ಲು. ಎಣ್ಣಿ ಕುಡದು ಒಳಗಿನ ಗುರುತು ಕರ್ರಗ ಎದ್ದಿತ್ತು. ಇದ ಸಂದು, ಇದ ಬೆರಳು. ಕಿರುಬೆರಳಿನ ಗುರುತ ಇಲ್ಲ."

"ಯಾಕ ಹೇಳಲಿಲ್ರಿ?" ಎಂದೆ. ನನ್ನ ದನಿ ಜೋರಾಗಿತ್ತು.

"ಹೇಳಾಕ ಅಂತ ದಿನಾ ಹೋದೆ ಮಾಸ್ತರ. ಮೂರು ವರ್ಷ ಹೇಳಾಕ ಹೋಗಿ ಮಜ್ಜಿಗಿ ಇಸಗೊಂಡು ಬಂದೆ. ಗಂಡ ಇದ್ದಾಕಿ ಬಳಿ ಒಡಕೊಂಡ್ಲು. ಗಂಡ ಇಲ್ಲದಾಕಿ ಇನ್ನೂ ಇಟಗೊಂಡಾಳ. ಎರಡೂ ನನ್ನ ಒಂದ ಮಾತಿನ್ಯಾಗ ಆತು. ಇನ್ನೊಂದು ಮಾತ ಆಡಾಕ ಬಾಯಿ ಬರಲಿಲ್ಲ."

ಆ ಹಲಗೆಯನ್ನು ನನ್ನ ತೊಡೆಯ ಮೇಲಿಟ್ಟು, ತಾವು ಹೋದ ಮೇಲೆ ಅವಳಿಗೆ ಕೊಡಬೇಕೆಂದರು. ಆಮೇಲೆ ನನ್ನ ಕೈ ಹಿಡಿದು, ಸತ್ತ ಮನುಷ್ಯನ ಹೆಜ್ಜೆಗಳನ್ನು ಹೊಳೆಯಿಂದ ಆ ಜಾಗದ ತನಕ ಹೇಗೆ ಓದಿದರೆಂದು ಪಾಠದಂತೆ ಎರಡು ಸಲ ಹೇಳಿ, ನನ್ನಿಂದಲೂ ಹೇಳಿಸಿದರು. ಮೂರನೆಯ ದಿನ ತೀರಿಕೊಂಡರು. ಮಗಳು ಕ್ರಿಯಾಕರ್ಮ ಮುಗಿಸಿ ಟ್ರಂಕು, ಕಂಬಳಿ ಒಯ್ದಳು. ಬುಟ್ಟಿ ಹರಿದಿದೆ ಎಂದು ಬಿಟ್ಟುಹೋದಳು.

ಇನ್ನು ನನ್ನ ಮಾತು. ಯಾವಾಗಲೂ ನಿಜ ಹೇಳಬೇಕೆಂದು ಪಾಠ ಒಪ್ಪಿಸಿದ್ದ ಮಾಸ್ತರ ಆ ಹಲಗೆಯನ್ನು ಒಂದು ತಿಂಗಳ ಮೇಲೆ ಹತ್ತು ದಿನ ತನ್ನ ಹಾಸಿಗೆಯ ಕೆಳಗೆ ಇಟ್ಟುಕೊಂಡ. ಸಾಲಿಗೆ ಹೋಗುವಾಗ ಅವಳ ಮನೆ ದಾಟದೆ ಹಿಂದಿನ ಸಂದಿಯಿಂದ ಸುತ್ತಿ ಹೋದ. ಅವಳು ಎದುರಿಗೆ ಬಂದರೆ ನೆಲ ನೋಡಿದ. ಒಂದು ದಿನ ಹೀಗೆ ನೆಲ ನೋಡುತ್ತ ನಡೆಯುವಾಗ ನನ್ನ ಹೆಜ್ಜೆಗಳೇ ಸಂದಿಯ ಧೂಳಿನಲ್ಲಿ ಕಂಡವು, ಒಂದರ ಮೇಲೊಂದು, ಎಲ್ಲ ಅವಳ ಮನೆಗೆ ಬೆನ್ನು ಮಾಡಿದವು. ನನಗೇ ಹೇಸಿಗೆಯಾಯಿತು. ಹಿಂತಿರುಗಿ ಹೋಗಿ ಹಲಗೆ ತೆಗೆದುಕೊಂಡು ಅವಳ ಬಾಗಿಲಿಗೆ ನಡೆದೆ.

ರಾಟಿ ತಿರುಗುತ್ತಿತ್ತು. ನನ್ನ ಕೈಯಲ್ಲಿದ್ದುದನ್ನು ನೋಡಿ ನಿಲ್ಲಿಸಿದಳು. ನಾನು ಕಂಬಳಿ ಬಿಚ್ಚಿ ಅವಳ ಮುಂದೆ ಇಟ್ಟೆ. ಹೇಗೋ ತೊದಲುತ್ತ, ಗಲಗಲಿಯಲ್ಲಿ ನಡೆದದ್ದನ್ನು, ಜಮಾದಾರರು ಆಡಿದ ಒಂದು ಮಾತನ್ನು, ಎಲ್ಲವನ್ನೂ ಹೇಳಿದೆ. ಅವಳು ಅಂಗೈಯನ್ನು ಆ ಗುರುತಿನೊಳಗೆ ಇಟ್ಟುಕೊಂಡು ಕುಳಿತಿದ್ದಳು. ಅಳಲಿಲ್ಲ.

"ಸತ್ತಾರ ಅನ್ನೂದು ನನಗ ತಿಳದಿತ್ರಿ ಮಾಸ್ತರ," ಎಂದಳು.

"ಯಾರು ಹೇಳಿದ್ರು?"

"ಜಮಾದಾರ ಕಾಕಾನ ಹೇಳಿದ್ರು, ಬಾಯಿ ಬಿಡಲಿಲ್ಲ ಅಷ್ಟ. ಎಲ್ಲಾರ ಕಾಲು ನೋಡೋ ಮನಿಷಾ, ಅವತ್ತ ಚಪ್ಪಲಿ ನೋಡಿದ್ರು, ತಲಿ ಎತ್ತಿ ನನ್ನ ಮಾರಿ ನೋಡಿದ್ರು. ಎಂದೂ ನೋಡಿದವರಲ್ಲ. ಅವತ್ತ ತಿಳೀತು."

"ಮತ್ತ ಯಾಕ ಕೇಳಲಿಲ್ಲ?"

"ಕೇಳಿದ್ರ ಹೇಳತಿದ್ರು. ಹೇಳಿದ ಮ್ಯಾಲ ಮತ್ತ ಈ ಕಟ್ಟೀಗೆ ಬರತಿದ್ದಿಲ್ಲ. ನಮ್ಮ ಮನಿಯವ್ರನ್ನ ಕಡೀಕ ಕಂಡವ್ರು ಅವರೊಬ್ರ."

ಒಂದು ಮಾರು ದೂರದಲ್ಲಿ ಮೂರು ವರ್ಷ ಇಬ್ಬರೂ ಒಂದೇ ಮಾತನ್ನು ಬಾಯಲ್ಲಿ ಹಿಡಿದು ಕುಳಿತಿದ್ದರು. ಪಕ್ಕದ ಗೋಡೆಯ ಆಚೆ ಇದ್ದ ನಾನು ಅವರ ಬಗ್ಗೆ ಏನೇನೋ ಅಂದುಕೊಂಡಿದ್ದೆ.

ಅವಳು ಹಲಗೆಯಿಂದ ಕಣ್ಣು ತೆಗೆಯದೆ ಕೇಳಿದಳು. "ಒಂದ ಹೇಳ್ರಿ ಮಾಸ್ತರ. ಅವ್ರು ಯಾ ಕಡೆ ಹೊಂಟಿದ್ರು?"

ಈ ಪ್ರಶ್ನೆ ಬರುತ್ತದೆಂದು ಜಮಾದಾರರಿಗೆ ಗೊತ್ತಿತ್ತು. ಅದಕ್ಕೇ ನನ್ನಿಂದ ಎರಡು ಸಲ ಹೇಳಿಸಿದ್ದರು. ನಾನು ಕಲ್ಲಿನಂಥ ದನಿಯಲ್ಲಿ, ಒಂದು ಅಕ್ಷರ ಬಿಡದೆ ಒಪ್ಪಿಸಿದೆ. ಆ ದಂಡೆಯಿಂದ ಇಳಿದು ಹೊಳೆ ದಾಟಿದರು. ಈ ದಂಡೆಗೆ ಬಂದು ಕಲ್ಲಿನ ಮೇಲೆ ಕುಳಿತು ಕಾಲಿನ ಕೆಸರು ತೊಳೆದುಕೊಂಡರು. ರೊಟ್ಟಿ ತಿಂದರು. ಎದ್ದ ಮೇಲೆ ಹೆಜ್ಜೆ ಉದ್ದುದ್ದ ಬಿದ್ದಿದ್ದವು, ಅವಸರದಲ್ಲಿದ್ದರು.

"ಬೆರಳು ಜಮಖಂಡಿ ದಾರಿ ಕಡೆ ಇದ್ದುವಂತ. ಈ ಕಡೆ," ಎಂದೆ. "ಮನೀ ಕಡೆ."

ಆಗ ಅವಳು ಅತ್ತಳು. ನಾನು ಅಲ್ಲಿಯೇ ನಿಂತಿದ್ದೆ. ಅತ್ತು ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಹಲಗೆಯನ್ನು ಎತ್ತಿಕೊಂಡು ಹೊಸ್ತಿಲ ಒಳಗೆ, ಬೆರಳುಗಳು ಒಳಮನೆಯ ಕಡೆ ಬರುವಂತೆ ಇಟ್ಟಳು. ಕಟ್ಟೆಯ ಮೇಲಿನ ಚಪ್ಪಲಿಗಳನ್ನೂ ತಂದು ಅದರ ಪಕ್ಕದಲ್ಲಿ ಬಿಟ್ಟಳು.

ನಾನು ಹೊರಡಲು ತಿರುಗಿದೆ.

"ನಿಂದರ್ರಿ ಮಾಸ್ತರ," ಎಂದು ಒಳಗಿನಿಂದ ಒಂದು ಚರಿಗೆ ತಂದು ನನ್ನ ಕೈಗೆ ಕೊಟ್ಟಳು. ಮಜ್ಜಿಗೆ. "ದಿನಾ ಒಂದು ಚರಿಗಿ ಹೆಚ್ಚಿಗಿ ಉಳಿಯಾಕತ್ತೇತಿ," ಎಂದಳು.